ರಾಜೇಸಾಬರು ತಲೆಯಾಡಿಸಿದ ಪ್ರಕರಣ

ಹೊಸದಾಗಿ ನೇಮಕವಾದ ಸರಕಾರಿ ವಕೀಲರು ಆಗಾಗ ಬೈಲಹೊಂಗಲದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಮೇಡಂ, ನೀವು ನಡೆಸಿದ ದೊಡ್ಡ ಕೇಸು ಯಾವುದ್ರಿ?" ಎಂದು ಕೇಳುತ್ತಾರೆ. ನಾನೂ ಸರಕಾರಿ ವಕೀಲೆಯಾಗಿ ನಿವೃತ್ತಳಾದವಳೇ, ಆದರೆ ದೊಡ್ಡ ಕೇಸು ನಡೆಸಿಲ್ಲ. ಕೊಲೆ, ದರೋಡೆ ಎಲ್ಲ ಮೇಲಿನ ಕೋರ್ಟಿನ ಪಾಲು. ಸವದತ್ತಿ, ಬೈಲಹೊಂಗಲ, ರಾಮದುರ್ಗ, ನಡುವೆ ಕೆಲವು ತಿಂಗಳು ಪ್ರಭಾರಿಯಾಗಿ ಕಿತ್ತೂರು, ಇಷ್ಟೇ ನನ್ನ ಸೀಮೆ. ಇಸ್ಪೀಟು ಆಡಿದವರು, ನಳದ ಮುಂದೆ ಜಗಳಾಡಿದವರು, ಕುಡಿದು ಬಸ್‌ಸ್ಟ್ಯಾಂಡಿನಲ್ಲಿ ಕೂಗಾಡಿದವರು, ಬದುವಿನ ಮೇಲೆ ಕಲ್ಲು ಸರಿಸಿದವರು ನನ್ನ ಮುಂದೆ ನಿಂತ ಆರೋಪಿಗಳು. ಅವರಿಗೆ ಶಿಕ್ಷೆ ಕೊಡಿಸುವುದು ನನ್ನ ಕೆಲಸವೆಂದು ಊರವರು ತಿಳಿದಿದ್ದರು. ಮೊದಲ ಕೆಲವು ವರ್ಷ ನಾನೂ ಹಾಗೆಯೇ ತಿಳಿದಿದ್ದೆ.

ಸಣ್ಣ ಪ್ರಕರಣ ನಡೆಯುವ ಬಗೆಯನ್ನು ಹೊಸಬರಿಗೆ ಮೊದಲು ಹೇಳುತ್ತೇನೆ. ಆರೋಪಿ ಬಂದು ನಿಲ್ಲುತ್ತಾನೆ. ಅವನ ಮೇಲಿರುವ ಆರೋಪವೇನೆಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ತಪ್ಪು ಒಪ್ಪುತ್ತೀಯೋ, ವಿಚಾರಣೆ ಬೇಕೋ ಎಂದು ಕೇಳಬೇಕು. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಪುಕ್ಕಟೆ ವಕೀಲರು ಸಿಗುತ್ತಾರೆಂದು ತಿಳಿಸಬೇಕು. ಕಾಗದಪತ್ರಗಳ ಪ್ರತಿ ಕೊಡಬೇಕು. ಪುಸ್ತಕದಲ್ಲಿ ಇದು ತುಂಬ ಚೆಂದ ಓದಿಸಿಕೊಂಡು ಹೋಗುತ್ತದೆ. ಸೋಮವಾರ ಮುಂಜಾನೆ ವರಾಂಡದ ತುಂಬ ಜನ, ಒಳಗೆ ಕಾಲಿಡಲು ಜಾಗವಿಲ್ಲ, ಫ್ಯಾನು ತಿರುಗುತ್ತಿಲ್ಲ ಎಂಬಂಥ ಹೊತ್ತಿನಲ್ಲಿ ಅದೆಲ್ಲ ಎರಡು ಮಾತಿಗೆ ಇಳಿದುಬಿಡುತ್ತದೆ. "ಕಬೂಲ್ ಐತೇನು?" "ಹೌದ್ರಿ."

ಸವದತ್ತಿಯಲ್ಲಿ ನಾನಿನ್ನೂ ಹೊಸಬಳು. ಮುನವಳ್ಳಿ ಕಡೆಯ ಹೊಲವೊಂದರಲ್ಲಿ ಇಸ್ಪೀಟು ಆಡುವಾಗ ಹಿಡಿದ ಒಂದು ಗುಂಪನ್ನು ಕರೆತಂದು ಸಾಲಾಗಿ ನಿಲ್ಲಿಸಿದ್ದರು. ಬೆಂಚ್ ಕ್ಲಾರ್ಕ್ ಎಲ್ಲರಿಗೂ ಸೇರಿಸಿ ಒಮ್ಮೆ ಕೇಳಿದರು, ಅವರೆಲ್ಲ ಸಾಲಿಯ ಮಕ್ಕಳ ಹಾಗೆ ಒಂದೇ ಸ್ವರದಲ್ಲಿ ಒಪ್ಪಿಕೊಂಡರು. ದಂಡ ತುಂಬಿ ಹೋದರು. ಮುಂದಿನ ವಾರ ಒಬ್ಬ ಮನುಷ್ಯ ಸಮನ್ಸು ಹಿಡಿದುಕೊಂಡು ಬಂದು ನಿಂತ.

"ನಿನ್ನ ಕೇಸು ಮುಗದೈತಲ್ಲೋ, ದಂಡಾ ತುಂಬಿ ಹೋಗೀಯಲ್ಲ" ಎಂದರು ಕ್ಲಾರ್ಕ್.

"ಇಲ್ರಿ, ನಂಗ ಜ್ವರಾ ಬಂದಿದ್ವು. ತಮ್ಮ ಬಂದಿದ್ದ."

ತಮ್ಮ ಬಂದು, ಅಣ್ಣನ ಹೆಸರು ಕರೆದಾಗ ಓ ಎಂದು, ಅಣ್ಣನ ತಪ್ಪು ಒಪ್ಪಿ, ಅಣ್ಣನ ಹೆಸರಿನಲ್ಲಿ ಶಿಕ್ಷೆಯನ್ನೂ ಪಡೆದು ಹೋಗಿದ್ದ. ಅಷ್ಟೇ ಆಗಿದ್ದರೆ ನಗಬಹುದಿತ್ತು. ಅಣ್ಣ ಆಡಿಯೇ ಇರಲಿಲ್ಲ, ಬಾವಿಗೆ ಮೋಟರು ಚಾಲೂ ಮಾಡಲು ಹೋದವನು ಗುಂಪಿನಲ್ಲಿ ಸಿಕ್ಕಿದ್ದ. ಅದನ್ನು ಹೇಳಲೆಂದೇ ಜ್ವರ ಬಿಟ್ಟ ಮೇಲೆ ಬಂದಿದ್ದ. ಆ ತಪ್ಪನ್ನು ಸರಿಪಡಿಸಲು ಮೇಲಿನ ಕೋರ್ಟಿನವರೆಗೆ ಹೋಗಬೇಕಾಯಿತು. ಆಗಿನ ನ್ಯಾಯಾಧೀಶರು ವಯಸ್ಸಾದವರು, ಧಾರವಾಡದ ಕಡೆಯವರು. ಅಂದಿನಿಂದ ಅವರು ಗುಂಪಿನಲ್ಲಿ ಕೇಳುವುದನ್ನು ಬಿಟ್ಟರು. ಒಬ್ಬೊಬ್ಬರನ್ನೇ ಮುಂದೆ ಕರೆದು, ಹೆಸರು, ತಂದೆಯ ಹೆಸರು, ಓಣಿ ಕೇಳಿ, ಆಮೇಲೆ ಆರೋಪ ಹೇಳುತ್ತಿದ್ದರು. ಕೋರ್ಟು ಮುಗಿಯುವುದು ತಡವಾಗತೊಡಗಿತು. ವಕೀಲರು ಗೊಣಗಿದರು. ನಾನೂ ಒಮ್ಮೆ ಅವರ ಕೋಣೆಯಲ್ಲಿ, "ಸರ್, ಸಣ್ಣ ಕೇಸಿಗೆ ಇಷ್ಟ ವ್ಯಾಳ್ಯಾ..." ಎಂದು ರಾಗ ಎಳೆದೆ.

"ಸಣ್ಣದು ಅಂತ ನಿಮಗ ಅನಸ್ತದರಿ, ನನಗ ಅನಸ್ತದ" ಎಂದರು ಅವರು. "ಅವಂಗ ಅನಸೂದಿಲ್ಲ. ಅಂವಾ ಮುಂಜಾನೆ ಮನ್ಯಾಗ ದೇವರಿಗೆ ದೀಪಾ ಹಚ್ಚಿ ಬಂದಿರ್ತಾನ."

ನಾನು ಕಡತ ಎತ್ತಿಕೊಂಡು ಹೊರಗೆ ಬಂದೆ.

ಬೈಲಹೊಂಗಲದಲ್ಲಿ ನೋಡಿದ್ದು ಇದಕ್ಕೆ ಪೂರಾ ವಿರುದ್ಧ. ಹತ್ತಿ ಮಾರುಕಟ್ಟೆಯಲ್ಲಿ ಕೂಲಿ ಮಾಡುತ್ತಿದ್ದ ನೀಲವ್ವ ಎಂಬ ಹೆಂಗಸು ನಳದ ಜಗಳದಲ್ಲಿ ನೆರೆಮನೆಯವಳ ತಲೆಗೆ ಕೊಡದಿಂದ ಹೊಡೆದಳೆಂದು ಆರೋಪ. ಪುಕ್ಕಟೆ ವಕೀಲರನ್ನು ಕೊಡುತ್ತೇವೆ ಎಂದರೆ, "ವಕೀಲ ಯಾಕ್ರಿ, ನನ್ನ ಬಾಯಿ ಸತ್ತಿಲ್ಲ" ಎಂದಳು. ತನ್ನ ಪರ ತಾನೇ ವಾದಿಸುವ ಹಕ್ಕೂ ಆರೋಪಿಗೆ ಉಂಟು. ನೆರೆಮನೆಯವಳು ಸಾಕ್ಷಿ ಹೇಳಿ ಮುಗಿಸಿದ ಮೇಲೆ ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರಶ್ನೆಗೆ ನಿಂತಳು.

"ಕೊಡದಾಗ ನೀರಿತ್ತೋ, ಖಾಲಿ ಇತ್ತೋ?"

"ತುಂಬಿತ್ತು."

"ತುಂಬಿದ ಕೊಡಾ ಎತ್ತಿ ನಿನ್ನ ತಲಿಗೆ ಹೊಡದ್ರ ನೀ ಇಲ್ಲಿ ಬಂದ ನಿಂದರತಿದ್ದಿ?"

ನ್ಯಾಯಾಧೀಶರು ಕಡತದ ಹಿಂದೆ ಮುಖ ಮರೆಸಿಕೊಂಡರು. ಆ ಇಬ್ಬರು ಹೆಂಗಸರೂ ಮಧ್ಯಾಹ್ನ ರಾಜಿಯಾಗಿ, ಒಂದೇ ರಿಕ್ಷಾದಲ್ಲಿ ಮನೆಗೆ ಹೋದರು. ಬಾಯಿ ಇದ್ದವರು ಹೇಗೋ ಪಾರಾಗುತ್ತಾರೆ.

ವರ್ಷಗಳು ಹೋದ ಹಾಗೆ ಕೆಲಸದ ರೀತಿ ಬದಲಾಯಿತು. ಕಾರ್ಬನ್ ಹಾಳೆ ಹೋಗಿ ಕಂಪ್ಯೂಟರ್ ಬಂತು. ಜೈಲಿನಲ್ಲಿರುವ ಆರೋಪಿ ಪರದೆಯ ಮೇಲೆ ಕಾಣತೊಡಗಿದ. ನನ್ನ ನಿವೃತ್ತಿ ಹತ್ತಿರವಿದ್ದಾಗ ಹಳೆಯ ಕಾಯಿದೆಗಳೇ ಹೋಗಿ ಹೊಸವು ಬಂದವು. ಬಾಯಿಪಾಠವಾಗಿದ್ದ ಕಲಂಗಳನ್ನೆಲ್ಲ ಮರೆತು ಮತ್ತೆ ಕಲಿಯಬೇಕಾಯಿತು. ಹೊಸ ಕಾಯಿದೆಯಲ್ಲಿ ನನಗೆ ಹಿಡಿಸಿದ್ದು ಒಂದು ಮಾತು: ಸಣ್ಣ ಬೆಲೆಯ ವಸ್ತುವಿನ ಮೊದಲ ಕಳವಾಗಿದ್ದು, ವಸ್ತು ವಾಪಸು ಬಂದಿದ್ದರೆ, ಜೈಲಿನ ಬದಲು ಸಮುದಾಯ ಸೇವೆ. ಆಸ್ಪತ್ರೆಯ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಇಂಥ ಕೆಲಸ. ಒಳ್ಳೆಯ ಕಾನೂನು. ಆದರೆ ಶಿಕ್ಷೆ ಹಗುರವಾದಷ್ಟೂ ಒಪ್ಪಿಕೊಂಡುಬಿಡು ಎನ್ನುವವರು ಹೆಚ್ಚಾಗುತ್ತಾರೆ ಎಂಬುದು ನನಗೆ ರಾಮದುರ್ಗದಲ್ಲಿ ತಿಳಿಯಿತು. ರಾಜೇಸಾಬರ ಪ್ರಕರಣ ಬಂದದ್ದು ಅಲ್ಲಿ, ನನ್ನ ಕೊನೆಯ ವರ್ಷದಲ್ಲಿ.

ರಾಜೇಸಾಬರು ನೇಕಾರರು. ಮೀಸೆ ಬರುವ ಮುಂಚೆ ಒಂದು ವಿದ್ಯುತ್ ಮಗ್ಗದ ಶೆಡ್ಡಿಗೆ ಕೆಲಸಕ್ಕೆ ಸೇರಿದವರು ಗಡ್ಡ ಬೆಳ್ಳಗಾಗುವವರೆಗೂ ಅಲ್ಲೇ ಇದ್ದರು. ಆ ಶೆಡ್ಡಿನ ಮಾಲಕರು ಶಿವಲಿಂಗಪ್ಪ. ಅವರು ಮಂಡಿನೋವೆಂದು ಮನೆ ಹಿಡಿದ ಮೇಲೆ ಮಗ ಈರಣ್ಣ ವ್ಯವಹಾರ ನೋಡಿಕೊಳ್ಳುತ್ತಿದ್ದ. ನೂಲು ಕಡಿಮೆ ಬೀಳುತ್ತಿದೆ ಎಂದು ಅವನಿಗೆ ಗುಮಾನಿ. ರಾಜೇಸಾಬರು ಒಂದು ಚೀಲ ನೂಲು ಹೊತ್ತುಕೊಂಡು ಹೋದದ್ದನ್ನು ಯಾರೋ ನೋಡಿ ಹೇಳಿದರು. ಈರಣ್ಣ ಅರ್ಜಿ ಕೊಟ್ಟ, ನೂಲಿನ ಬೆಲೆ ಕಡಿಮೆಯಾದ್ದರಿಂದ ಪೊಲೀಸರು ಕೋರ್ಟಿನ ಅನುಮತಿ ಪಡೆದು ತನಿಖೆ ಮಾಡಿದರು, ರಾಜೇಸಾಬರ ಮನೆಯಲ್ಲಿ ಚೀಲ ಸಿಕ್ಕಿತು. ಅವರ ಹೆಂಡತಿ ಆ ನೂಲಿನಿಂದ ಲಂಗದ ಲಾಡಿ ಹೆಣೆಯುತ್ತ ಕೂತಿದ್ದರಂತೆ. ಎಲ್ಲದಕ್ಕೂ ಮೇಲಾಗಿ, ಈರಣ್ಣ ಶೆಡ್ಡಿನಲ್ಲಿ ಎಲ್ಲರ ಎದುರಿಗೆ ಕೇಳಿದಾಗ ರಾಜೇಸಾಬರು ಕಳವು ಒಪ್ಪಿಕೊಂಡರು ಎಂದು ಇಬ್ಬರು ಸಾಕ್ಷಿಗಳ ಹೇಳಿಕೆ ಇತ್ತು. ಕಡತ ನೋಡಿದರೆ ಇದರಲ್ಲಿ ವಾದಿಸಲು ಏನೂ ಉಳಿದಿಲ್ಲ ಎನ್ನಿಸುವಂತಿತ್ತು.

ಮೊದಲ ತಾರೀಖಿನ ದಿನ ಅಟೆಂಡರ್ ಮೂರು ಸಲ ಹೆಸರು ಕೂಗಿದರೂ ಅವರು ಬರಲಿಲ್ಲ. ಬಾಗಿಲ ಹತ್ತಿರವೇ ನಿಂತಿದ್ದರು. ಪಕ್ಕದವರು ಮೊಣಕೈಯಿಂದ ತಿವಿದ ಮೇಲೆ ಒಳಗೆ ಬಂದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಅಂಗಿ. ನ್ಯಾಯಾಧೀಶರು ಮೈಸೂರು ಸೀಮೆಯವರು, ಇನ್ನೂ ಚಿಕ್ಕ ವಯಸ್ಸು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಆರೋಪದ ಸಾರಾಂಶವನ್ನು ತಮ್ಮ ಕನ್ನಡದಲ್ಲಿ ಸ್ಪಷ್ಟವಾಗಿಯೇ ಹೇಳಿದರು. "ತಪ್ಪು ಒಪ್ಕೋತೀರಾ?" ಎಂದು ಕೇಳಿದರು.

ರಾಜೇಸಾಬರು ತಲೆಯಾಡಿಸಿದರು. "ಹೌದ್ರೀ ಸಾಹೇಬ್ರ."

"ಯಾರಾದ್ರೂ ಹೆದರಿಸಿ ಒಪ್ಪಿಸಿದಾರಾ?"

"ಹೌದ್ರೀ ಸಾಹೇಬ್ರ."

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರು. "ಕುಡಿದಿದೀರಾ?"

"ಹೌದ್ರೀ ಸಾಹೇಬ್ರ."

ಈಗ ಇಡೀ ಕೋರ್ಟು ನಕ್ಕಿತು. ರಾಜೇಸಾಬರು ಸುತ್ತ ನೋಡಿ, ಎಲ್ಲರೂ ನಗುತ್ತಿದ್ದಾರೆಂದು ತಾವೂ ಸ್ವಲ್ಪ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ. ಅವರ ಕಣ್ಣು ನ್ಯಾಯಾಧೀಶರ ಕಣ್ಣಿನ ಮೇಲೆ ಇರಲಿಲ್ಲ, ತುಟಿಯ ಮೇಲಿತ್ತು. ನಾನು ಅವರ ಬೆನ್ನ ಹಿಂದೆ ಹೋಗಿ ನಿಂತು, ಸ್ವಲ್ಪ ಜೋರಾಗಿಯೇ, "ರಾಜೇಸಾಬರ, ಇತ್ಲಾಗ ಬರ್ರಿ" ಎಂದೆ. ಅವರು ಅಲುಗಾಡಲಿಲ್ಲ.

"ಸ್ವಾಮಿ, ಇವರಿಗೆ ಕಿವಿ ಕೇಳೂದಿಲ್ಲ" ಎಂದೆ. "ಈ ಒಪ್ಪಿಗೆಯನ್ನ ದಾಖಲು ಮಾಡಬಾರದಂತ ನನ್ನ ವಿನಂತಿ."

ಕೋರ್ಟಿನ ಕೆಲಸ ನೋಡುವ ಪೊಲೀಸ್ ಸಿಬ್ಬಂದಿ ನನ್ನ ಹತ್ತಿರ ಬಗ್ಗಿ, "ಮೇಡಮ್ಮರ, ಇದು ನಮ್ಮ ಕೇಸ್ರಿ" ಎಂದು ಪಿಸುಗುಟ್ಟಿದ. ಬೆಂಚ್ ಕ್ಲಾರ್ಕಿನ ಪೆನ್ನು ಆಗಲೇ ಹಾಳೆಯ ಮೇಲಿತ್ತು. ಸಹಿಯಾಗಿದ್ದರೆ ನ್ಯಾಯಾಧೀಶರು ತಾವೇ ಅದನ್ನು ಬದಲಿಸುವಂತಿರಲಿಲ್ಲ. ಅವರು ಒಂದು ಕ್ಷಣ ನನ್ನನ್ನು, ಒಂದು ಕ್ಷಣ ರಾಜೇಸಾಬರನ್ನು ನೋಡಿ, ಕ್ಲಾರ್ಕಿಗೆ ಕೈ ಅಡ್ಡ ಹಿಡಿದರು.

"ಬರೆದು ಕೊಡೋಣ್ವಾ?" ಎಂದರು. ರಾಜೇಸಾಬರಿಗೆ ಸಹಿ ಬಿಟ್ಟರೆ ಓದುಬರಹ ಬರುತ್ತಿರಲಿಲ್ಲ. ಅಷ್ಟರಲ್ಲಿ ಹೊರಗಿದ್ದ ಅವರ ಹೆಂಡತಿ ಜನರನ್ನು ಸರಿಸಿಕೊಂಡು ಒಳಗೆ ಬಂದರು. ಗಂಡನ ಮುಂದೆ ನಿಂತು ಎರಡೂ ಕೈಯಿಂದ ಸನ್ನೆ ಮಾಡುತ್ತ, ಕಳವು ಒಪ್ಪಿಕೊಂಡಿರಲ್ಲ ಎಂದು ತುಟಿ ಆಡಿಸಿದರು, ಸ್ವರವಿಲ್ಲದೆ. ರಾಜೇಸಾಬರ ಮುಖದ ನಗು ಹಾಗೇ ಇಳಿಯಿತು. ಅವರು ತೀರ ದೊಡ್ಡ ಸ್ವರದಲ್ಲಿ, "ಕಳವ? ನಾನ?" ಎಂದರು. ಕಿವಿ ಹೋದವರಿಗೆ ತಮ್ಮ ಸ್ವರದ ಅಳತೆ ಸಿಗುವುದಿಲ್ಲ. ಆ ಎರಡು ಮಾತು ವರಾಂಡದ ತನಕ ಕೇಳಿಸಿತು.

ಮಗ್ಗದ ಶೆಡ್ಡಿಗೆ ಹೋಗಿ ನೋಡಿದವರಿಗೆ ಇದು ಗೊತ್ತು. ಮಗ್ಗಗಳು ನಡೆಯುತ್ತಿರುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಕೆಲಸಗಾರರು ಕೈಸನ್ನೆಯಲ್ಲಿ, ತುಟಿಯ ಅಲುಗಾಟದಲ್ಲಿ ಮಾತಾಡಿಕೊಳ್ಳುತ್ತಾರೆ. ನೂಲು ಹರಿಯಿತು, ಚಹಾ ಬಂತು, ಮಗಳಿಗೆ ಹೆರಿಗೆಯಾಯಿತು, ಎಲ್ಲ ಸುದ್ದಿಯೂ ಹಾಗೆಯೇ. ವರ್ಷಾನುಗಟ್ಟಲೆ ಆ ಸದ್ದಿನಲ್ಲಿ ಕಳೆದ ರಾಜೇಸಾಬರ ಕಿವಿ ಮೆಲ್ಲಗೆ ಹೋಗಿತ್ತು. ರಾಮದುರ್ಗದ ತುಟಿ ಅವರಿಗೆ ಓದಲು ಬರುತ್ತಿತ್ತು. ಮೈಸೂರಿನ ತುಟಿ ಬರುತ್ತಿರಲಿಲ್ಲ. ತಿಳಿಯದೆ ಹೋದಾಗ ಹೌದು ಅನ್ನುವುದು ಅವರು ರೂಢಿಸಿಕೊಂಡ ಮರ್ಯಾದೆ.

ಹೆಂಡತಿಯಿಂದಲೇ ಕೇಳಿಸಿಬಿಡೋಣ ಎಂದು ಕ್ಲಾರ್ಕ್ ಅಂದರು. ನಾನು ಬೇಡವೆಂದೆ. ನಾಳೆ ಹೆಂಡತಿ ತನ್ನದೇ ಮಾತು ಸೇರಿಸಿದಳೆಂದು ಯಾರಾದರೂ ಅಂದರೆ ನಷ್ಟ ರಾಜೇಸಾಬರಿಗೇ. ನ್ಯಾಯಾಧೀಶರು ಒಪ್ಪಿದರು. ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲರನ್ನೂ, ಬೇರೆ ಶೆಡ್ಡಿನಿಂದ ಒಬ್ಬ ದುಭಾಷಿಯನ್ನೂ ಗೊತ್ತುಮಾಡಲು ಹೇಳಿ ಬೇರೆ ತಾರೀಖು ಕೊಟ್ಟರು.

ಎರಡು ದಿನಕ್ಕೆ ನನ್ನ ಮೇಲಧಿಕಾರಿಗಳ ಫೋನು ಬಂತು. ಕೆಟ್ಟವರಲ್ಲ, ಆದರೆ ತಿಂಗಳ ಕೊನೆಗೆ ಎಷ್ಟು ಶಿಕ್ಷೆ, ಎಷ್ಟು ಖುಲಾಸೆ ಎಂಬ ಲೆಕ್ಕ ಅವರು ಮೇಲಕ್ಕೆ ಕಳಿಸಬೇಕು.

"ಒಪ್ಪಿಕೊಂಡ ಆರೋಪಿನ್ನ ನೀವಽ ತಡದ್ರಂತ, ಖರೇನ್ರಿ?"

"ಅವರು ಒಪ್ಪಿಲ್ಲ ಸರ್. ತಲೆ ಆಡಿಸ್ಯಾರ."

"ಸಮುದಾಯ ಸೇವಾ ಅಷ್ಟ ಇತ್ತಲ್ರಿ. ನಾಕ ದಿನಾ ಕಸಾ ಹೊಡದ ಮನಿಗೆ ಹೋಗ್ತಿದ್ದ. ಈಗ ಅವಂಗೂ ತ್ರಾಸ, ನಮಗೂ ತ್ರಾಸ."

"ಸರ್, ಕಳ್ಳ ಅಂತ ಬರದ ಮ್ಯಾಲೆ ರಾಮದುರ್ಗದಾಗ ಯಾವ ಶೆಡ್ಡಿನವರೂ ಅವರನ್ನ ಒಳಗ ಬಿಟ್ಟಕೊಳ್ಳೂದಿಲ್ಲ."

"ಏನಾತಂತ ಬರದ ಕಳಸ್ರಿ" ಎಂದು ಇಟ್ಟುಬಿಟ್ಟರು. ಬರೆದು ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಹೊಸಬರಿಗೆ ಹೇಳುತ್ತೇನೆ, ಉತ್ತರ ಬರದಿರುವುದು ಇಲಾಖೆಯಲ್ಲಿ ಒಂದು ಬಗೆಯ ಒಪ್ಪಿಗೆಯೇ.

ಮುಂದಿನ ತಾರೀಖಿಗೆ ದುಭಾಷಿಯಾಗಿ ಬಂದವಳು ಗಂಗವ್ವ. ಬೇರೆ ಶೆಡ್ಡಿನಲ್ಲಿ ಮಗ್ಗ ನಡೆಸುವವಳು, ಕೋರ್ಟಿನ ಮೆಟ್ಟಿಲು ಹತ್ತಿದ್ದೇ ಮೊದಲ ಸಲ. ಇದ್ದದ್ದನ್ನು ಇದ್ದ ಹಾಗೆ ತಿಳಿಸುತ್ತೇನೆಂದು ಪ್ರಮಾಣ ಮಾಡಿದಳು. ನ್ಯಾಯಾಧೀಶರು ಆರೋಪ ಹೇಳಿದರು, ನಾನು ಅದನ್ನು ಈ ಕಡೆಯ ಮಾತಿಗೆ ತಿರುಗಿಸಿದೆ, ಗಂಗವ್ವ ಕೈಗೂ ತುಟಿಗೂ ತಂದಳು. ರಾಜೇಸಾಬರು ಕೈಯಾಡಿಸುತ್ತ ಉತ್ತರ ಕೊಟ್ಟರು.

"ಏನಂತಾರೆ?" ಎಂದರು ನ್ಯಾಯಾಧೀಶರು.

"ಕದ್ದಿಲ್ಲ ಅಂತಾರ್ರಿ. ಭಾಳ ಚೊಲೋ ಮನಶ್ಯಾ ಅದಾರ್ರಿ ಇವ್ರು, ನಮ್ಮ ಓಣ್ಯಾಗ ಯಾರನ್ನರೆ ಕೇಳ್ರಿ..."

"ಅಮ್ಮಾ, ಅವರು ಹೇಳಿದ್ದನ್ನು ಮಾತ್ರ ಹೇಳಿ."

"ಹಂಗಾದ್ರ ಕದ್ದಿಲ್ಲ, ಅಷ್ಟ ಅಂತಾರ್ರಿ" ಎಂದು ಗಂಗವ್ವ ಮುಖ ಸಪ್ಪಗೆ ಮಾಡಿಕೊಂಡಳು. ಆಮೇಲೆ ರಾಜೇಸಾಬರು ಇನ್ನಷ್ಟು ಕೈಯಾಡಿಸಿದರು. "ಚೀಲ ಒಯ್ದದ್ದು ಖರೆ ಅಂತಾರ್ರಿ. ದೊಡ್ಡ ಸಾವ್ಕಾರ್ರು ಕರದು ಕೊಟ್ಟಾರಂತ. ನೂಲ ಸುತ್ತೂ ಕೋನಿಗೆ ಉಳದ ತುಂಡಂತ. ಇವರ ಮನ್ಯಾಕಿ ಲಾಡಿ ಹೆಣೀತಾಳಂತ ಸಾವ್ಕಾರ್ರಿಗೆ ಗೊತ್ತೈತಂತ."

ತಪ್ಪು ಒಪ್ಪಿಲ್ಲ, ವಿಚಾರಣೆ ಕೇಳಿದ್ದಾರೆ ಎಂದು ದಾಖಲಾಯಿತು. ಸಮಿತಿಯಿಂದ ಬಂದ ಅಶೋಕ ವಕೀಲರು ಜಮೀನು ವ್ಯಾಜ್ಯದಲ್ಲಿ ಕೂದಲು ನೆರೆಸಿದವರು, ನಿಧಾನಿ. ಅವರು ನನ್ನ ಕಡೆ ತಿರುಗಿ, "ದೊಡ್ಡ ಸಾವ್ಕಾರ್ರನ್ನ ಪೊಲೀಸ್ರು ಕೇಳ್ಯಾರೇನ್ರಿ?" ಎಂದರು. ಕಡತ ತಿರುವಿದೆ. ಕೇಳಿರಲಿಲ್ಲ.

ಮರುವಾರ ಈರಣ್ಣ ನನ್ನನ್ನು ಹುಡುಕಿಕೊಂಡು ಬಂದ. ಒಳ್ಳೆಯ ಬಟ್ಟೆಯ, ಮರ್ಯಾದೆಯ ಹುಡುಗ. ಕುರ್ಚಿಯ ತುದಿಯ ಮೇಲೆ ಕೂತ.

"ಮೇಡಮ್ಮರ, ಇದನ್ನ ರಾಜಿ ಮಾಡಿ ಮುಗಿಸಿಬಿಡ್ರಿ. ನಂದೇನೂ ತಕರಾರಿಲ್ಲ."

"ತಂದಿಯವರನ್ನ ಕೇಳಿದ್ರೇನು?"

ಅವನು ನೆಲ ನೋಡಿದ. "ಕೇಳೇನ್ರಿ. ಬಿ.ಪಿ. ಐತಂತ ಅಪ್ಪಗ ಕೇಸಿನ ಸುದ್ದೀನಽ ಹೇಳಿದ್ದಿಲ್ಲ. ಈಗ ಕೇಳಿದ್ರ, 'ನಾನಽ ಕೊಟ್ಟೇನಿ' ಅಂದ್ರು. ಎರಡ ದಿನಾ ಆತು, ನನ್ನ ಕೂಡ ಮಾತಾಡಿಲ್ಲ."

ಕಾನೂನಿನ ಪ್ರಕಾರ ರಾಜಿಗೆ ಅಡ್ಡಿಯಿರಲಿಲ್ಲ, ರಾಜಿಯಾದರೂ ಆರೋಪಿ ಬಿಡುಗಡೆಯೇ. ಅದನ್ನು ತಿಳಿಸಿ ಹೇಳಲು ಅಶೋಕ ವಕೀಲರು ವರಾಂಡದಲ್ಲಿ ರಾಜೇಸಾಬರನ್ನು, ಅವರ ಹೆಂಡತಿಯನ್ನು, ಗಂಗವ್ವನನ್ನು ಕೂಡಿಸಿಕೊಂಡರು. ಈರಣ್ಣ ಕಂಬದ ಹತ್ತಿರ ನಿಂತಿದ್ದ. ಹೆಂಡತಿಗೆ ರಾಜಿಯೇ ಬೇಕಿತ್ತು. "ಸಾಕ್ ಮಾಡ್ರಿ, ದಿನಾ ಕೆಲಸಾ ಬಿಟ್ಟ ಬರಾಕ ಆಗೂದಿಲ್ಲ" ಎಂದು ಗಂಡನ ಮುಂದೆ ಕೈ ಮುಗಿದರು. ಕೇಸು ಶುರುವಾದಾಗಿನಿಂದ ರಾಜೇಸಾಬರಿಗೆ ಎಲ್ಲಿಯೂ ಮಗ್ಗ ಸಿಕ್ಕಿರಲಿಲ್ಲ, ಲಾಡಿಯ ಮೇಲೆಯೇ ಮನೆ ನಡೆದಿತ್ತು.

ರಾಜೇಸಾಬರು ಗಂಗವ್ವನ ಕೈಯನ್ನು ಕೊನೆಯವರೆಗೂ ನೋಡಿದರು. ಆಮೇಲೆ ತಮ್ಮ ದೊಡ್ಡ ಸ್ವರದಲ್ಲಿ ಹೇಳಿದರು: "ರಾಜಿ ಅಂದ್ರ ಏನ್ರಿ ವಕೀಲ್ರ? ಅಂವಾ ನನ್ನ ಮಾಫ್ ಮಾಡಿದಾ ಅಂತ. ಏನ ಮಾಡೇನಂತ ಮಾಫ್ ಮಾಡತಾನ?"

ವರಾಂಡದಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಕಾಕಾ, ಮೆಲ್ಲಕ" ಎಂದು ಗಂಗವ್ವ ಸನ್ನೆ ಮಾಡಿದಳು.

"ಯಾಕ ಮೆಲ್ಲಕ? ಕಳ್ಳ ಅಂತ ಮೆಲ್ಲಕ ಅಂದಾರೇನು?" ಅವರು ಈರಣ್ಣನ ಕಡೆ ತಿರುಗಿದರು. "ಈರಣ್ಣಾ, ನಿನ್ನ ನನ್ನ ಹೆಗಲ ಮ್ಯಾಲೆ ಹೊತ್ತು ಸಾಲಿಗೆ ಬಿಟ್ಟ ಬಂದೇನಿ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ನೀ ಅಲ್ಲಿ ಕಟಕಟ್ಯಾಗ ನಿಂತ ಹೇಳು."

ವಿಚಾರಣೆಯನ್ನು ಕೇಳಿ ಪಡೆಯುವುದು ಆರೋಪಿಯ ಹಕ್ಕು ಎಂದು ನಾನು ಎಷ್ಟು ಸಲ ಓದಿದ್ದೆನೋ. ಬೇರೆ ಎಲ್ಲ ದಾರಿಯೂ ಸಲೀಸಾಗಿದ್ದಾಗ, ಮನೆಯಲ್ಲಿ ಒಲೆ ಹಚ್ಚುವುದು ಕಷ್ಟವಿದ್ದಾಗ, ಒಬ್ಬ ಮನುಷ್ಯ ಅದನ್ನು ಕೇಳುವುದನ್ನು ಕಣ್ಣಾರೆ ನೋಡಿದ್ದು ಅಂದೇ.

ವಿಚಾರಣೆಯ ದಿನ ನಾನು ಮೊದಲು ಈರಣ್ಣನನ್ನು ಸಾಕ್ಷಿ ಕಟಕಟೆಗೆ ಕರೆದೆ. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಅಶೋಕ ವಕೀಲರು ಕೇಳಿದ್ದು ಕೆಲವೇ ಪ್ರಶ್ನೆ.

"ಇವರನ್ನ ಶೆಡ್ಡಿನ್ಯಾಗ ಕೇಳೇನಿ ಅಂದ್ರಿ. ಆವಾಗ ಮಗ್ಗಾ ನಡದಿದ್ದುವೇನ್ರಿ?"

"ನಡದಿದ್ದುವ್ರಿ."

"ಏನಂತ ಕೇಳಿದ್ರಿ?"

"ಚೀಲ ಕದ್ದಿಯೇನು ಅಂತ."

"ಅವರಿಗೆ ಕೇಳಿಸ್ತೇನು?"

ಈರಣ್ಣ ತಡವರಿಸಿದ. ಎದುರಿಗೆ ಗಂಗವ್ವನ ಕೈಯನ್ನೇ ನೋಡುತ್ತ ನಿಂತಿದ್ದ ರಾಜೇಸಾಬರನ್ನು ನೋಡಿದ. "ನಮ್ಮ ಶೆಡ್ಡಿನ್ಯಾಗ ಯಾರಿಗೂ ಕೇಳಸೂದಿಲ್ರಿ" ಎಂದ. "ಚೀಲ ಅಂದದ್ದಷ್ಟ ತುಟಿ ಮ್ಯಾಲೆ ತಿಳದಿರಬೇಕು. ಒಯ್ದಿದ್ರು, ಅದಕ್ಕ ಹೌದಂದ್ರು. ನಾ ತಪ್ಪ ತಿಳ್ಕೊಂಡೇನ್ರಿ."

ಆಮೇಲೆ ನಾನು ಶಿವಲಿಂಗಪ್ಪನವರನ್ನು ಕರೆದೆ. ಆರೋಪಿಗೆ ಅನುಕೂಲವಾಗುವ ಸಾಕ್ಷಿಯನ್ನು ಸರಕಾರಿ ವಕೀಲರೇ ಕರೆತರುವುದೇ ಎಂದು ಪೊಲೀಸ್ ಸಿಬ್ಬಂದಿಗೆ ಅಸಮಾಧಾನವಿತ್ತು. ನಾನು ಸರಕಾರದ ವಕೀಲೆ, ಸರಕಾರಕ್ಕೆ ಸುಳ್ಳು ಗೆಲ್ಲಿಸಿ ಆಗಬೇಕಾದ್ದೇನಿಲ್ಲ ಎಂದು ಅವನಿಗೆ ಮೊದಲೇ ಹೇಳಿದ್ದೆ. ಮುದುಕರು ಕೋಲೂರಿಕೊಂಡು ಬಂದರು. ನ್ಯಾಯಾಧೀಶರು ಕುರ್ಚಿ ಹಾಕಿಸಿದರೂ ಕೂರಲಿಲ್ಲ.

"ಚೀಲ ನಾನಽ ಕೊಟ್ಟೇನ್ರಿ, ನಮ್ಮ ಮನಿ ಪಡಸಾಲ್ಯಾಗ, ನನ್ನ ಕೈಯಾರೆ" ಎಂದರು. "ನನ್ನ ಯಾರೂ ಕೇಳಲಿಲ್ಲ. ಕೇಳಿದ್ರ ಇಲ್ಲೀ ತನಕಾ ಬರ್ತಿದ್ದಿಲ್ಲ ಇದು."

ಕೆಳಗಿಳಿಯುವಾಗ ಅವರು ರಾಜೇಸಾಬರ ಎದುರಿಗೆ ನಿಂತರು. ಕೋಲನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಅವರ ಭುಜದ ಮೇಲಿಟ್ಟು ಹೊರಟುಹೋದರು.

ತೀರ್ಪಿನ ದಿನ ಕೋರ್ಟಿನಲ್ಲಿ ಹೆಚ್ಚಾಗಿ ನೇಕಾರರೇ ಇದ್ದರು. ಬೇರೆ ಬೇರೆ ಶೆಡ್ಡಿನವರು, ಒಂದಿಬ್ಬರು ಮಾಲಕರೂ ಹಿಂದಿನ ಉದ್ದನೆಯ ಮರದ ಬಾಕಿನ ಮೇಲೆ ಕೂತಿದ್ದರು. ನ್ಯಾಯಾಧೀಶರು ತೀರ್ಪಿನ ಕೊನೆಯ ಭಾಗ ಓದಿದರು. ಆರೋಪಿ ನಿರ್ದೋಷಿಯೆಂದು ಬಿಡುಗಡೆ. ಗಂಗವ್ವ ಅದನ್ನು ಕೈಯಲ್ಲಿ ತಿಳಿಸಿದಳು. ರಾಜೇಸಾಬರು ಅವಳನ್ನು ನೋಡಿ ಆದ ಮೇಲೂ ಕದಲಲಿಲ್ಲ. ನ್ಯಾಯಾಧೀಶರ ಮುಖ ನೋಡುತ್ತ ನಿಂತರು. ಅವರ ಬಾಯಿಂದಲೇ ಬೇಕಾಗಿದೆಯೆಂದು ನ್ಯಾಯಾಧೀಶರಿಗೆ ಹೊಳೆಯಿತು. ಅವರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು. ರಾಮದುರ್ಗಕ್ಕೆ ಬಂದು ವರ್ಷ ಕಳೆದಿತ್ತು, ಊರಿನ ಮಾತು ಸ್ವಲ್ಪ ಹತ್ತಿತ್ತು. ಒಂದೊಂದೇ ಅಕ್ಷರ ಬಿಡಿಸಿ, "ನೀವು ಕಳವು ಮಾಡಿಲ್ರಿ" ಎಂದರು.

ಈ ಸಲ ರಾಜೇಸಾಬರಿಗೆ ತಿಳಿಯಿತು.

"ಅದು ನನಗ ಗೊತ್ತೈತ್ರೀ ಸಾಹೇಬ್ರ" ಎಂದರು. ಆಮೇಲೆ ಹಿಂದಿನ ಬಾಕುಗಳ ಕಡೆ ಕೈ ತೋರಿಸಿದರು. "ಇವರಿಗೆ ಹೇಳ್ರಿ."

ಯಾರೂ ನಗಲಿಲ್ಲ. ನ್ಯಾಯಾಧೀಶರು ನನ್ನ ಕಡೆ ನೋಡಿದರು. ಇದಕ್ಕೆ ಯಾವ ಕಾಯಿದೆಯಲ್ಲೂ ಕಲಮಿಲ್ಲ, ಬೇಡವೆನ್ನುವ ಕಲಮೂ ಇಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, ಜನರ ಕಡೆ ಮುಖ ಎತ್ತಿ, ಕೊನೆಯ ಬಾಕಿನವರಿಗೂ ಮುಟ್ಟುವ ಹಾಗೆ ಹೇಳಿದರು: "ರಾಜೇಸಾಬರು ಕಳವು ಮಾಡಿಲ್ಲ. ಎಲ್ಲಾರೂ ಕೇಳ್ರಿ."

ಗಂಗವ್ವ ಅಭ್ಯಾಸಬಲದಿಂದ ಕೈ ಎತ್ತಿದಳು. ರಾಜೇಸಾಬರು ಅವಳನ್ನು ನೋಡುತ್ತಿರಲಿಲ್ಲ, ನ್ಯಾಯಾಧೀಶರನ್ನೂ ನೋಡುತ್ತಿರಲಿಲ್ಲ. ಪೂರಾ ಹಿಂದಕ್ಕೆ ತಿರುಗಿ ನಿಂತು, ಬಾಕಿನ ಮೇಲೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿಕೊಂಡು ಹೋಗುತ್ತಿದ್ದರು, ಪ್ರತಿಯೊಬ್ಬರಿಗೂ ಕೇಳಿಸಿತೋ ಇಲ್ಲವೋ ಎಂದು.